ಕೈಯಾರೆ ಗಿಟಾರ್ ಮಾಡುವುದು: ಬೆಂಗಳೂರಿನ ಹವೆಗೆ ಹೊಂದುವ ಸಮಗ್ರ ಮಾರ್ಗದರ್ಶಿ

ನನ್ನ ಮೊದಲ ಗಿಟಾರಿನ ಮುಖದ ಹಲಗೆಯ ಹಿಂಬದಿಗೆ ಆಸರೆ ಪಟ್ಟಿ ಅಂಟಿಸಿದ್ದು ಒಂದು ಆಗಸ್ಟ್ ತಿಂಗಳಲ್ಲಿ. ಹೊರಗೆ ಜಿಟಿಜಿಟಿ ಮಳೆ. ಕಾರ್ ಶೆಡ್ಡಿನಲ್ಲಿ ಕೂತು, ಬಿಸಿ ಕಾಫಿ ಹೀರುತ್ತಾ, ಎಲ್ಲ ಸರಿಯಾಗೇ ಮಾಡಿದ್ದೇನೆ ಅಂದುಕೊಂಡಿದ್ದೆ. ಮಾರ್ಚ್‌ನ ಒಂದು ಮಧ್ಯಾಹ್ನ ಪಕ್ಕದ ರೂಮಿನಿಂದ 'ಟಕ್' ಅಂತ ಶಬ್ದ ಬಂತು. ಹೋಗಿ ನೋಡಿದರೆ ಮುಖದ ಹಲಗೆ ಕುದುರೆಯ (ತಂತಿ ಹೊರುವ ಬ್ರಿಡ್ಜಿನ) ಹಿಂದಿನಿಂದ ಅಂಚಿನವರೆಗೆ ನೇರವಾಗಿ ಸೀಳಿತ್ತು. ಯಾರೂ ಮುಟ್ಟಿರಲಿಲ್ಲ. ಗೋಡೆಗೆ ನೇತಾಡುತ್ತಿತ್ತು ಅಷ್ಟೇ.

ಗಿಟಾರ್ ಮಾಡುವ ಬಗ್ಗೆ ಸಿಗುವ ಬರಹಗಳಲ್ಲಿ ಹೆಚ್ಚಿನವು ಉಳಿ, ಗರಗಸದಿಂದ ಶುರುವಾಗುತ್ತವೆ. ಬೆಂಗಳೂರಿನಲ್ಲಿ ಕೂತು ಮಾಡುವವರು ಗಾಳಿಯಿಂದ ಶುರು ಮಾಡಬೇಕು. ನಾನು ಕೊಳ್ಳಲು ಹೇಳುವ ಮೊದಲ ಉಪಕರಣ ತೇವಾಂಶ ಮಾಪಕ, ಅಂದರೆ ಹೈಗ್ರೋಮೀಟರ್.

ಪದಗಳ ಬಗ್ಗೆ ಒಂದು ಮಾತು. ವೀಣೆಯವರು ಬ್ರಿಡ್ಜ್‌ಗೆ ಕುದುರೆ ಅನ್ನುತ್ತಾರೆ, ತಂತಿ ಬಿಗಿಯುವ ಕೀಲಿಗೆ ಬಿರಡೆ ಅನ್ನುತ್ತಾರೆ. ಇಷ್ಟು ಒಳ್ಳೆಯ ಮಾತು ಇರುವಾಗ ಬೇರೆ ಯಾಕೆ? ಅವನ್ನೇ ಬಳಸುತ್ತೇನೆ.

ಮೊದಲು ಗಾಳಿ

ಮರ ಸತ್ತ ಮೇಲೂ ಉಸಿರಾಡುತ್ತದೆ ಅಂತ ಆಚಾರ್ರು ಹೇಳುವುದು ಸುಮ್ನೆ ಅಲ್ಲ. ಗಾಳಿಯಲ್ಲಿ ತೇವ ಹೆಚ್ಚಾದರೆ ಮರ ಉಬ್ಬುತ್ತದೆ, ಕಡಿಮೆಯಾದರೆ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ಲೆಕ್ಕಕ್ಕೇ ಇಲ್ಲ, ಎಳೆಗೆ ಅಡ್ಡವಾಗಿ ಮಾತ್ರ ಜಾಸ್ತಿ. ಗಾಳಿಯ ತೇವಾಂಶ ಶೇ. 80 ಇದ್ದಾಗ ಮರದೊಳಗೆ ಸುಮಾರು ಶೇ. 16ರಷ್ಟು ನೀರು ನಿಲ್ಲುತ್ತದೆ. ತೇವಾಂಶ 30ಕ್ಕೆ ಇಳಿದರೆ ಅದು ಶೇ. 6ರ ಹತ್ತಿರ ಬರುತ್ತದೆ. 400 ಮಿ.ಮೀ. ಅಗಲದ ಸ್ಪ್ರೂಸ್ (ಗಿಟಾರಿನ ಮುಖಕ್ಕೆ ಬಳಸುವ ಮರ) ಹಲಗೆ ಈ ಎರಡರ ನಡುವೆ ಸುಮಾರು 6 ಮಿ.ಮೀ. ಕುಗ್ಗಬಹುದು.

ಬಿಡಿ ಹಲಗೆ ಕುಗ್ಗಿದರೆ ಏನೂ ತೊಂದರೆ ಇಲ್ಲ. ಆದರೆ ಗಿಟಾರಿನ ಮುಖದ ಹಿಂದೆ ಅಡ್ಡಡ್ಡ ಪಟ್ಟಿಗಳನ್ನು ಅಂಟಿಸಿರುತ್ತೇವೆ. ಪಟ್ಟಿಗಳ ಎಳೆ ಹಲಗೆಯ ಎಳೆಗೆ ಅಡ್ಡ. ಹಲಗೆ ಕುಗ್ಗಬೇಕು ಅನ್ನುತ್ತದೆ, ಪಟ್ಟಿ ಬಿಡುವುದಿಲ್ಲ. ಆಗಸ್ಟ್‌ನಲ್ಲಿ ಉಬ್ಬಿದ ಹಲಗೆಗೆ ಪಟ್ಟಿ ಅಂಟಿಸಿದರೆ ಮಾರ್ಚ್‌ನಲ್ಲಿ ಸೀಳುವುದು ಅದಕ್ಕೇ. ಒಣಗಿದ ಹಲಗೆಗೆ ಅಂಟಿಸಿದರೆ ಮಳೆಗಾಲದಲ್ಲಿ ಅದು ಉಬ್ಬಿ, ಮುಖದ ಕಮಾನು ಸ್ವಲ್ಪ ಏರುತ್ತದೆ. ಬೇಸಗೆಯಲ್ಲಿ ಮತ್ತೆ ಇಳಿಯುತ್ತದೆ. ಸೀಳುವುದಿಲ್ಲ.

ಗುರಿ ಶೇ. 45, ಹೆಚ್ಚೆಂದರೆ 50. ಅಂಟಿಸುವ ದಿನ ಮಾತ್ರ ಇಷ್ಟಿದ್ದರೆ ಸಾಲದು. ಅದಕ್ಕೂ ಮುಂಚೆ ಒಂದೆರಡು ವಾರ ಹಲಗೆ ಅದೇ ಹವೆಯಲ್ಲಿ ಕೂತಿರಬೇಕು.

ಅಗ್ಗದ ಮಾಪಕಗಳು ಹತ್ತು ಅಂಕ ಹೆಚ್ಚುಕಮ್ಮಿ ತೋರಿಸುತ್ತವೆ. ಪರೀಕ್ಷೆ ಸುಲಭ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ. ಕರಗುವಷ್ಟು ಬೇಡ, ಒದ್ದೆ ಮರಳಿನ ಹಾಗೆ ಆಗುವಷ್ಟು ನೀರು ಬೆರೆಸಿ. ಮುಚ್ಚಳವನ್ನೂ ಮಾಪಕವನ್ನೂ ಗಾಳಿಯಾಡದ ಜಿಪ್ ಕವರಿನಲ್ಲಿಟ್ಟು ಒಂದು ರಾತ್ರಿ ಬಿಡಿ. ಒದ್ದೆ ಉಪ್ಪಿನ ಮೇಲಿನ ಗಾಳಿ ಶೇ. 75ಕ್ಕೆ ನಿಲ್ಲುತ್ತದೆ. ನಿಮ್ಮ ಮಾಪಕ 81 ತೋರಿಸಿದರೆ ಆರು ಕಳೆಯಬೇಕು ಅಂತ ಹಿಂಬದಿಯಲ್ಲಿ ಬರೆದಿಡಿ.

ಇನ್ನು ಕ್ಯಾಲೆಂಡರ್. ಜೂನ್‌ನಿಂದ ಅಕ್ಟೋಬರ್‌ವರೆಗೆ ಅಚ್ಚು ಮಾಡಿ, ಗಿಟಾರಿನ ಕತ್ತು (ನೆಕ್) ಕೆತ್ತಿ, ಉಳಿ ಮಸೆಯುವುದು ಕಲಿಯಿರಿ. ಡಿಸೆಂಬರ್, ಜನವರಿಯ ಮಧ್ಯಾಹ್ನಗಳಲ್ಲಿ ನನ್ನ ರೂಮಿನ ಮಾಪಕ ತಾನಾಗಿ 45-50ರ ಆಸುಪಾಸಿಗೆ ಬರುತ್ತದೆ. ಪಟ್ಟಿ ಅಂಟಿಸಲು, ಪೆಟ್ಟಿಗೆ ಮುಚ್ಚಲು ಅದೇ ಸಮಯ. ಅಷ್ಟು ಕಾಯಲು ಆಗದವರು ಹಳೆಯ ಕಬ್ಬಿಣದ ಬೀರುವಿನಲ್ಲಿ ಒಂದು 40 ವ್ಯಾಟಿನ ಹಳೇ ಕಾಲದ ಬಿಸಿಯಾಗುವ ಬಲ್ಬು ಹಚ್ಚಿಡಬಹುದು. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ. ಮರ ಬಲ್ಬಿಗೆ ತಾಗದ ಹಾಗೆ ದೂರ ಇಡಿ. ಬೀರುವಿನೊಳಗೂ ಒಂದು ಮಾಪಕ ಇರಲಿ.

ಯಾವ ಗಿಟಾರ್

ಮೊದಲ ಸಲ ಡ್ರೆಡ್‌ನಾಟ್ ಅನ್ನುವ ದೊಡ್ಡ ಪೆಟ್ಟಿಗೆಯ ಗಿಟಾರ್ ಬೇಡ. ಓಎಂ ಅನ್ನುವ ಅಳತೆ ತೆಗೆದುಕೊಳ್ಳಿ. ಸ್ಟೀಲ್ ತಂತಿ, ಕೆಳಗಿನ ಅಗಲ ಸುಮಾರು 380 ಮಿ.ಮೀ., ಪೆಟ್ಟಿಗೆಯ ಉದ್ದ 490, ತಂತಿಯ ಉದ್ದ (ಕತ್ತಿನ ಮೇಲ್ತುದಿಯಿಂದ ಕುದುರೆಯವರೆಗೆ) 645. ಈ ಗಾತ್ರಕ್ಕೆ ಮರ ಸಿಗುವುದು ಸುಲಭ, ಸೊಂಟದ ತಿರುವು ಬಗ್ಗಿಸುವುದೂ ಕಷ್ಟವಲ್ಲ.

ಪೂರ್ತಿ ಅಳತೆಯ ನಕ್ಷೆ ಕೊಂಡು ಪ್ಲಾಟರ್ (ದೊಡ್ಡ ಹಾಳೆಯ ಪ್ರಿಂಟರ್) ಇರುವ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ. ಕೈಗೆ ಬಂದ ಕೂಡಲೇ ಸ್ಟೀಲ್ ಸ್ಕೇಲ್ ಇಟ್ಟು ಅಳೆಯಿರಿ. 'ಫಿಟ್ ಟು ಪೇಜ್' ಒತ್ತಿದ್ದರೆ ನಕ್ಷೆ ಶೇ. 1ರಷ್ಟು ಕುಗ್ಗಿರಬಹುದು. 645ಕ್ಕೆ ಶೇ. 1 ಅಂದರೆ ಆರೂವರೆ ಮಿ.ಮೀ. ಆ ಗಿಟಾರ್ ಜನ್ಮದಲ್ಲಿ ಶ್ರುತಿಗೆ ನಿಲ್ಲುವುದಿಲ್ಲ.

ಜಾಗ ಮತ್ತು ಉಪಕರಣ

ಒಂದು ಗಟ್ಟಿ ಮೇಜು, ಮೂರು ಕಡೆಯಿಂದ ಓಡಾಡುವಷ್ಟು ಜಾಗ. ಇಷ್ಟು ಸಾಕು. ಬಾಡಿಗೆ ಮನೆಯ ಟೆರೇಸ್ ಶೆಡ್ಡಿನಲ್ಲಿ ಮಾಡಿದವರಿದ್ದಾರೆ. ಆದರೆ ತಗಡಿನ ಚಾವಣಿಯ ಕೆಳಗೆ ಮರ ಶೇಖರಿಸಬೇಡಿ.

ಬೇಕಾಗುವುದು ಇವು: ಒಂದು ಸಣ್ಣ ತೋಪಡ, ಒಂದು ಉದ್ದ ತೋಪಡ, 6, 12 ಮತ್ತು 25 ಮಿ.ಮೀ. ಉಳಿಗಳು, ತೆಳು ಹಲ್ಲಿನ ಗರಗಸ, ಕೀಸುವ ಸ್ಟೀಲ್ ಪಟ್ಟಿ, ವರ್ನಿಯರ್, ಮೂಲೆಮಟ್ಟ, ಬಾಗದ ಸ್ಟೀಲ್ ಅಂಚುಪಟ್ಟಿ, ಮತ್ತು ಎಷ್ಟಿದ್ದರೂ ಸಾಲದ ಕ್ಲಾಂಪುಗಳು. ವಿದ್ಯುತ್ ಉಪಕರಣದಲ್ಲಿ ಒಂದು ಡ್ರಿಲ್, ಅಂಚು, ಕಾಲುವೆ ಕೊರೆಯಲು ಒಂದು ಚಿಕ್ಕ ಟ್ರಿಮ್ಮರ್ ರೂಟರ್. ಎಸ್.ಪಿ. ರೋಡಿನಲ್ಲಿ ಅರ್ಧ ದಿನ ಸುತ್ತಿದರೆ ಮುಕ್ಕಾಲು ಪಾಲು ಸಿಗುತ್ತದೆ. ಭಾನುವಾರ ಹೋಗಬೇಡಿ. ಫ್ರೆಟ್ (ಕತ್ತಿನ ಮೇಲೆ ಅಡ್ಡಡ್ಡ ಕೂರುವ ಲೋಹದ ಮೆಟ್ಟಿಲು) ಮಾಡುವ ತಂತಿ, ಟ್ರಸ್ ರಾಡ್ (ಕತ್ತು ಬಾಗದಂತೆ ಒಳಗೆ ಕೂರಿಸುವ ಕಂಬಿ), ಬಿರಡೆಗಳನ್ನು ಮಾತ್ರ ಆನ್‌ಲೈನಿನಲ್ಲಿ ತರಿಸಬೇಕಾಗುತ್ತದೆ.

ಹೊಸ ಉಳಿ ಅಂಗಡಿಯಿಂದ ಬರುವಾಗ ಹರಿತ ಇರುವುದಿಲ್ಲ. 1000 ಮತ್ತು 4000 ಗ್ರಿಟ್ಟಿನ (ನಯದ ಅಳತೆ) ಮಸೆಯುವ ಕಲ್ಲು ಕೊಂಡು ಎರಡು ವಾರ ಬರೀ ಮಸೆಯುವುದನ್ನೇ ಕಲಿಯಿರಿ. ಪರೀಕ್ಷೆ ಏನು? ಪೈನ್‌ನಂಥ ಮೆದು ಮರದ ತುದಿಯನ್ನು, ಎಳೆ ಕಡಿದ ಕಡೆಯಿಂದ, ಉಳಿಯಲ್ಲಿ ಕೀಸಿ. ಪುಡಿಯಾದರೆ ಇನ್ನೂ ಮೊಂಡು. ನಯವಾದ ಸಿಪ್ಪೆ ಎದ್ದು, ಕೆಳಗೆ ಹೊಳಪು ಬಂದರೆ ಸರಿ. ಇದನ್ನು ಬಿಟ್ಟು ಮುಂದೆ ಹೋದವರು ಪಟ್ಟಿ ಕೆತ್ತುವಾಗ ಅಳುತ್ತಾರೆ. ನಾನೂ ಅತ್ತಿದ್ದೇನೆ.

ಇನ್ನೊಂದು, ಬೀಟೆ ಮರದ ಧೂಳು ಕೆಲವರಿಗೆ ತುರಿಕೆ, ಉಬ್ಬಸ ತರುತ್ತದೆ. ಎನ್95 ಮಾಸ್ಕ್ ಇಲ್ಲದೆ ಉಪ್ಪು ಕಾಗದ ಹಿಡಿಯಬೇಡಿ.

ಮರ ಹುಡುಕುವುದು

ಮುಖಕ್ಕೆ ಸ್ಪ್ರೂಸ್ ಬೇಕು. ತೂಕ ಕಡಿಮೆ, ಎಳೆಯ ಉದ್ದಕ್ಕೆ ಬಿಗಿ ಜಾಸ್ತಿ. ಈ ಎರಡೂ ಒಟ್ಟಿಗೆ ಇರುವುದರಿಂದಲೇ ಅದು ಹಾಡುತ್ತದೆ. ನಮ್ಮ ಕಡೆ ಬೆಳೆಯುವುದಿಲ್ಲ. ಸಿಟ್ಕಾ ಅಥವಾ ಎಂಗಲ್‌ಮನ್ ಸ್ಪ್ರೂಸಿನ ಜೋಡಿ ಹಲಗೆಗಳನ್ನು ತರಿಸಿಕೊಳ್ಳಿ. ವರ್ಷದ ಉಂಗುರಗಳು ಹಲಗೆಗೆ ಲಂಬವಾಗಿ ನಿಂತಿರಬೇಕು. ತುದಿಯಿಂದ ನೋಡಿದರೆ ಗೆರೆಗಳು ನೆಟ್ಟಗೆ ಕಾಣಬೇಕು. ಮಲಗಿದ ಗೆರೆಯ ಹಲಗೆ ಅಡ್ಡಕ್ಕೆ ಜಾಸ್ತಿ ಕುಗ್ಗುತ್ತದೆ, ಬಿಗಿಯೂ ಕಡಿಮೆ.

ಹಿಂಭಾಗ ಮತ್ತು ಪಕ್ಕಕ್ಕೆ ಮಾತ್ರ ನಾವು ಅದೃಷ್ಟವಂತರು. ಪ್ರಪಂಚದವರು 'ಈಸ್ಟ್ ಇಂಡಿಯನ್ ರೋಸ್‌ವುಡ್' ಅಂತ ಹುಡುಕಿಕೊಂಡು ಬರುವುದು ನಮ್ಮ ಬೀಟೆಯನ್ನೇ. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್‌ನ ಮರ ಬಿಟ್ಟು ಬೀಟೆಗೆ ಬಂತು. ಆದರೆ ಹಿತ್ತಲಲ್ಲಿ ಇದ್ದರೂ ಕಡಿಯುವಂತಿಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲೂ ಪಾಸ್ ಬೇಕು. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟೀಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಇದೆ, ಇನ್ನೂ ಬಿಗಿಯಾದ ಮೊದಲ ಪಟ್ಟಿಯಲ್ಲಿರುವ ಬ್ರೆಜಿಲ್‌ನ ಜಾತಿಯೊಂದನ್ನು ಬಿಟ್ಟು. 2019ರ ನವೆಂಬರ್‌ನಲ್ಲಿ ತಯಾರಾದ ವಾದ್ಯಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಬಿಡಿ ಹಲಗೆಗೆ ಸಿಕ್ಕಿಲ್ಲ. ಆದ್ದರಿಂದ ಬಿಲ್ ಕೊಡದ ಅಂಗಡಿಯಲ್ಲಿ ಬೀಟೆ ಕೊಳ್ಳಬೇಡಿ.

ಮೈಸೂರು ರಸ್ತೆ ಹತ್ತಿರದ ಟಿಂಬರ್ ಯಾರ್ಡ್ ಲೇಔಟ್‌ಗೆ ಹೋದರೆ 'ಗಿಟಾರಿಗೆ' ಅಂದ ಕೂಡಲೇ ನಗುತ್ತಾರೆ. ಅವರ ಪ್ರಪಂಚ ಬಾಗಿಲು, ಕಿಟಕಿ, ಘನ ಅಡಿಯದ್ದು. ಬೇಜಾರು ಮಾಡಿಕೊಳ್ಳಬೇಡಿ. ಪಕ್ಕದಲ್ಲಿ ಬಿದ್ದಿರುವ ತುಂಡುಗಳನ್ನು ಒಂದೊಂದೇ ಎತ್ತಿ ತುದಿ ನೋಡಿ. ಕತ್ತಿಗೆ ಬೇಕಾದ ನೆಟ್ಟಗಿನ ಮಹಾಗನಿ ನನಗೆ ಸಿಕ್ಕಿದ್ದು ಅಂಥ ರಾಶಿಯಲ್ಲೇ.

ಇನ್ನೊಂದು ದಾರಿ ಹಳೇ ಮರ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳು ಬೀಳುವಾಗ ಬೀಟೆಯ ಮಂಚ, ಕುರ್ಚಿಗಳು ಗುಜರಿಗೆ ಬರುತ್ತವೆ. ಮಂಚದ ಕಾಲಿನಲ್ಲಿ ಒಂದು ಕುದುರೆ ಸಿಗುತ್ತದೆ, ಚೌಕಟ್ಟಿನಲ್ಲಿ ಫಿಂಗರ್‌ಬೋರ್ಡ್ (ಬೆರಳಿಡುವ ಕತ್ತಿನ ಮೇಲ್ಹಲಗೆ) ಸಿಗುತ್ತದೆ. ಎಪ್ಪತ್ತು ವರ್ಷ ಒಣಗಿದ ಮರ, ಇನ್ನೇನು ಬೇಕು? ಮೊಳೆ ಇದೆಯಾ ಅಂತ ಆಯಸ್ಕಾಂತ ಆಡಿಸಿ ನೋಡಿ, ಇಲ್ಲದಿದ್ದರೆ ಗರಗಸದ ಹಲ್ಲು ಹೋಗುತ್ತದೆ.

ಬೀಟೆಯೇ ಆಗಬೇಕು ಅಂತಲೂ ಇಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದಲ್ಲಿ ವೀಣೆ ಮಾಡುತ್ತಾರೆ. ಊರಿಗೇ ವೀಣೆ ಗ್ರಾಮ ಅಂತ ಹೆಸರು. ಹಲಸು ಬೀಟೆಗಿಂತ ಹಗುರ, ಕೆಲಸಕ್ಕೆ ಮೆದು. ಹೊಸದರಲ್ಲಿ ಅರಿಶಿನ ಬಣ್ಣ, ಬರಬರುತ್ತಾ ಕಂದಾಗುತ್ತದೆ. ನನ್ನ ಎರಡನೇ ಗಿಟಾರ್ ಹಲಸಿನದ್ದು, ಇವತ್ತಿಗೂ ನಾನು ಕೈಗೆತ್ತಿಕೊಳ್ಳುವುದು ಅದನ್ನೇ. ಯಾವ ಮರ ಅಂತ ಗೊತ್ತಾಗದ ತುಂಡು ಸಿಕ್ಕಿದರೆ, ಮಲ್ಲೇಶ್ವರ 18ನೇ ಕ್ರಾಸಿನಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮರ ಗುರುತಿಸುವುದು ಅವರ ಕಸುಬು.

ಅಚ್ಚು

18 ಮಿ.ಮೀ. ಪ್ಲೈವುಡ್‌ನ ನಾಲ್ಕು ಪದರ ಅಂಟಿಸಿ, ಗಿಟಾರಿನ ಹೊರ ಆಕಾರಕ್ಕೆ ಒಳಗಡೆ ಕೊರೆಯಿರಿ. ಎರಡು ಭಾಗ ಮಾಡಿ ಬೋಲ್ಟ್ ಹಾಕಿ. ಗೋಡೆಗಳು ಮೇಜಿಗೆ ಸರಿಯಾಗಿ ಲಂಬ ಇರಲಿ. ಇದರ ಜೊತೆ ಒಳಗೆ ತಗ್ಗಾದ ಎರಡು ದುಂಡು ತಟ್ಟೆ ಬೇಕು. ಮುಖಕ್ಕೆ 28 ಅಡಿ ತ್ರಿಜ್ಯದ ತಗ್ಗು, ಹಿಂಭಾಗಕ್ಕೆ 15 ಅಡಿ. ಗಿಟಾರಿನ ಮುಖ ಚಪ್ಪಟೆ ಅಂತ ಕಂಡರೂ ಅದು ಸಣ್ಣ ಕಮಾನು. ತಟ್ಟೆಗಳನ್ನು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ) ಅಂಗಡಿಯಲ್ಲಿ ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಕೊರೆಸಿಬಿಡಿ. ಕೈಯಾರೆ ಅನ್ನುವ ಹಟ ಇಲ್ಲಿ ಬೇಡ.

ಮುಖದ ಹಲಗೆ

ಎರಡು ಹಲಗೆಗಳ ಅಂಚನ್ನು ಪುಸ್ತಕ ಬಿಡಿಸಿದ ಹಾಗೆ ಜೋಡಿಸಬೇಕು. ಎರಡನ್ನೂ ಒಂದರ ಮೇಲೊಂದು ಇಟ್ಟು, ಉದ್ದ ತೋಪಡವನ್ನು ಮಗ್ಗುಲಾಗಿ ಮಲಗಿಸಿ ಅಂಚು ಕೀಸಿ. ಆಮೇಲೆ ಅಂಚಿಗೆ ಅಂಚು ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ. ಬೆಳಕಿನ ಒಂದು ಎಳೆಯೂ ತೂರಿ ಬರಬಾರದು. ಕೈ ಒತ್ತಿ ಬೆಳಕು ಮುಚ್ಚಿದರೆ ಅದು ಮೋಸ. ಒತ್ತದೇ ಮುಚ್ಚಬೇಕು. ನನಗೆ ಮೊದಲ ಸಲ ಮೂರು ಸಂಜೆ ಹಿಡಿಯಿತು.

ಅಂಟಿನ ಬಗ್ಗೆ: ಪೀಠೋಪಕರಣಕ್ಕೆ ಬಳಸುವ ಮಾಮೂಲಿ ಬಿಳಿ ಅಂಟು ಒಣಗಿದ ಮೇಲೂ ರಬ್ಬರಿನ ಹಾಗೆ ಇರುತ್ತದೆ. ಸತತ ಎಳೆತಕ್ಕೆ ನಿಧಾನವಾಗಿ ಜಾರುತ್ತದೆ. ಬಾಗಿಲಿಗೆ ಪರವಾಗಿಲ್ಲ, ಗಿಟಾರಿಗೆ ಅಲ್ಲ. ಗಟ್ಟಿಯಾಗಿ ಒಣಗುವ ಹಳದಿ ಮರದಂಟು, ಅಂದರೆ ಟೈಟ್‌ಬಾಂಡ್ ಒರಿಜಿನಲ್ ಥರದ್ದು, ಅಥವಾ ಬಿಸಿ ಮಾಡಿ ಹಚ್ಚುವ ತೊಗಲಂಟು ಬಳಸಿ.

ಜೋಡಿಸಿದ ಹಲಗೆಯನ್ನು 2.8 ಮಿ.ಮೀ. ಆಸುಪಾಸಿಗೆ ತೆಳು ಮಾಡಬೇಕು. ಇಲ್ಲಿ ಸಂಖ್ಯೆಗಿಂತ ಕೈಯೇ ಮುಖ್ಯ. 3.2ಕ್ಕೆ ಬಂದಾಗ ನಿಲ್ಲಿಸಿ, ಎಳೆಗೆ ಅಡ್ಡವಾಗಿ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಾಗಿಸಿ ನೋಡಿ. ಇಸ್ಪೀಟ್ ಎಲೆಯ ಹಾಗೆ ಒಪ್ಪುತ್ತದೆಯೋ, ರಟ್ಟಿನ ಹಾಗೆ ಹಟ ಮಾಡುತ್ತದೆಯೋ? ಮೇಲಿನ ಅಂಚಿನಿಂದ ಕಾಲುಭಾಗ ಕೆಳಗೆ ಎರಡು ಬೆರಳಲ್ಲಿ ಹಿಡಿದು, ನಡುವೆ ಬೆರಳ ಗಿಣ್ಣಿನಿಂದ ತಟ್ಟಿ. ದಪ್ಪ ಇದ್ದಾಗ ಸಣ್ಣ ದನಿಯ 'ಟಿಕ್'. ತೆಳುವಾದಂತೆ ದನಿ ಇಳಿಯುತ್ತಾ, ಉದ್ದವಾಗುತ್ತಾ ಬರುತ್ತದೆ. ಬಿಗಿ ಹಲಗೆ 2.6ಕ್ಕೂ ಹೋಗಬಹುದು, ಮೆದು ಹಲಗೆ 3ಕ್ಕೇ ನಿಲ್ಲಬೇಕು. ಎರಡು ಬೇರೆ ಬೇರೆ ಹಲಗೆ ತಟ್ಟಿ ನೋಡಿದರೆ ಈ ವ್ಯತ್ಯಾಸ ಐದು ನಿಮಿಷದಲ್ಲಿ ತಿಳಿಯುತ್ತದೆ. ಬರೆದು ಹೇಳುವುದು ಕಷ್ಟ.

ಆಮೇಲೆ ಸುಮಾರು 100 ಮಿ.ಮೀ. ವ್ಯಾಸದ ಸೌಂಡ್‌ಹೋಲ್, ಅಂದರೆ ದನಿ ಹೊರಬರುವ ದುಂಡು ತೂತು. ಅದರ ಸುತ್ತ ಅಲಂಕಾರದ ಉಂಗುರವನ್ನು ತೂತು ಕೊರೆಯುವ ಮುಂಚೆಯೇ ಕೂರಿಸಿ. ಸರಳವಾಗಿ ಒಂದು ಬೀಟೆಯ ಉಂಗುರ ಸಾಕು.

ಈಗ ಹಿಂದಿನ ಪಟ್ಟಿಗಳು. ಸ್ಟೀಲ್ ತಂತಿಯ ಗಿಟಾರಿಗೆ ಎಕ್ಸ್ ಆಕಾರದ ಪಟ್ಟಿ. 1840ರ ದಶಕದಿಂದ ಮಾರ್ಟಿನ್ ಗಿಟಾರ್‌ಗಳಲ್ಲಿ ಬೆಳೆದು ಬಂದದ್ದು ಇದು. ಮುಖ್ಯ ಪಟ್ಟಿ 8 ಮಿ.ಮೀ. ಅಗಲ, 15 ಎತ್ತರ. ಇದಕ್ಕೂ ಸ್ಪ್ರೂಸೇ. ತುಂಡನ್ನು ಗರಗಸದಲ್ಲಿ ಕೊಯ್ಯುವ ಮೊದಲು ಉಳಿಯಿಂದ ಸೀಳಿ. ಸೌದೆ ಸೀಳಿದ ಹಾಗೆ ಎಳೆ ಎಲ್ಲಿ ಓಡುತ್ತದೋ ಅಲ್ಲೇ ಸೀಳಲಿ. ಹಾಗೆ ಬಂದ ಪಟ್ಟಿಯಲ್ಲಿ ಎಳೆ ತುದಿಯಿಂದ ತುದಿಗೆ ತುಂಡಾಗದೆ ಹೋಗುತ್ತದೆ. ಕಡಿಮೆ ತೂಕಕ್ಕೆ ಹೆಚ್ಚು ಬಲ.

ಪಟ್ಟಿಯ ತಳವನ್ನು 28 ಅಡಿಯ ತಟ್ಟೆಯಲ್ಲಿ ಉಪ್ಪು ಕಾಗದ ಹಾಕಿ ಉಜ್ಜಿ, ಕಮಾನಿಗೆ ಹೊಂದಿಸಿ. ಅಂಟು ಹಚ್ಚಿ ತಟ್ಟೆಯ ಮೇಲೆ ಹಲಗೆ ಇಟ್ಟು, ಪಟ್ಟಿ ಕೂರಿಸಿ. ಒತ್ತುವುದು ಹೇಗೆ? ಮೇಜಿನ ಮೇಲೆ ಎರಡಡಿ ಎತ್ತರದಲ್ಲಿ ಇನ್ನೊಂದು ಗಟ್ಟಿ ಪ್ಲೈವುಡ್ ನಿಲ್ಲಿಸಿ, ಅದಕ್ಕೂ ಪಟ್ಟಿಗೂ ನಡುವೆ ಬಿದಿರು ಸೀಳುಗಳನ್ನು ಬಿಲ್ಲಿನ ಹಾಗೆ ಬಾಗಿಸಿ ಸಿಕ್ಕಿಸಿ. ಬುಟ್ಟಿ ಹೆಣೆಯುವವರ ಹತ್ತಿರ ಒಂದೇ ದಪ್ಪದ ಸೀಳು ಕೇಳಿದರೆ ಕೊಡುತ್ತಾರೆ. ಹತ್ತಾರು ದುಬಾರಿ ಕ್ಲಾಂಪಿನ ಕೆಲಸ ಅದರಿಂದಲೇ ಆಗುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಒಂದು ಸೀಳು ಚಿಮ್ಮಿದರೆ ಹುಡುಗಾಟ ಅಲ್ಲ.

ಒಣಗಿದ ಮೇಲೆ ಪಟ್ಟಿಗಳನ್ನು ಕೆತ್ತಿ ತೂಕ ಇಳಿಸುವುದು ಈ ಇಡೀ ಕೆಲಸದ ಅತಿ ಸುಖದ ಭಾಗ. ತುದಿಗಳನ್ನು 2 ಮಿ.ಮೀ.ಗೆ ಇಳಿಸಿ. ಎಕ್ಸ್ ಕೂಡುವ ಜಾಗ ಮುಟ್ಟಬೇಡಿ, ಅಲ್ಲೇ ಬಲ ನಿಂತಿರುವುದು. ಸ್ವಲ್ಪ ಕೆತ್ತಿ, ತಟ್ಟಿ, ಕೇಳಿ. ಮತ್ತೆ ಸ್ವಲ್ಪ. ಎಲ್ಲಿ ನಿಲ್ಲಿಸಬೇಕು ಅಂತ ಅನುಮಾನ ಬಂದರೆ ಆಗಲೇ ನಿಲ್ಲಿಸಿ. ಕೆತ್ತಿದ್ದನ್ನು ವಾಪಸ್ ಅಂಟಿಸಲಾಗುವುದಿಲ್ಲ. ದಪ್ಪ ಉಳಿದರೆ ಸೌಂಡ್‌ಹೋಲಿನಿಂದ ಕೈ ಹಾಕಿ ಆಮೇಲೂ ಕೀಸಬಹುದು.

ಪಕ್ಕ ಬಗ್ಗಿಸುವುದು

ಎಲ್ಲರೂ ಹೆದರುವ ಹಂತ. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಬಿಸಿಗೆ ಮೆದುವಾಗುತ್ತದೆ, ತಣ್ಣಗಾದಾಗ ಹೊಸ ಆಕಾರದಲ್ಲೇ ಬಿಗಿಯುತ್ತದೆ. ಬಗ್ಗಿಸುವುದು ಶಾಖ. ನೀರಿನ ಕೆಲಸ ಶಾಖವನ್ನು ಒಳಗೆ ಕೊಂಡೊಯ್ಯುವುದು, ಮರ ಸುಡದಂತೆ ನೋಡುವುದು.

ಎರಡು ಇಂಚಿನ ದಪ್ಪ ಗೋಡೆಯ ಸ್ಟೀಲ್ ಅಥವಾ ಅಲ್ಯೂಮಿನಿಯಂ ಪೈಪ್ ತುಂಡನ್ನು ಮೇಜಿನ ಅಂಚಿಗೆ ಅಡ್ಡ ಕಟ್ಟಿ, ಒಳಗೆ ಹೀಟ್ ಗನ್ ಅಥವಾ ಗ್ಯಾಸ್ ಟಾರ್ಚ್ ಹಿಡಿಯುವ ವ್ಯವಸ್ಥೆ ಮಾಡಿ. ಸತುವಿನ ಲೇಪ ಇರುವ ಜಿ.ಐ. ನೀರಿನ ಪೈಪ್ ಬೇಡ, ಟಾರ್ಚಿನ ಬೆಂಕಿಗೆ ಬರುವ ಹೊಗೆ ಕೆಟ್ಟದ್ದು. ಶಾಖ 150 ಡಿಗ್ರಿ ಆಸುಪಾಸು. ಅಳೆಯುವುದು ನಮಗೆ ಬರುತ್ತದೆ, ದೋಸೆ ಕಾವಲಿಯ ವಿದ್ಯೆ ಅದು. ನೀರು ಚಿಮುಕಿಸಿದರೆ ಸುಮ್ಮನೆ ಕೂತು ಕುದಿಯಬಾರದು, 'ಚುಂಯ್' ಅಂತ ಕೂಡಲೇ ಆವಿಯಾಗಬೇಕು.

ಪಕ್ಕದ ಹಲಗೆ 2 ಮಿ.ಮೀ. ದಪ್ಪ, ಸುಮಾರು 800 ಉದ್ದ. ದಪ್ಪ ಎಲ್ಲ ಕಡೆ ಒಂದೇ ಇರಲಿ, ತೆಳುವಿದ್ದಲ್ಲೇ ಮುರಿಯುತ್ತದೆ. ಸೊಂಟದ ತಿರುವಿನಿಂದ ಶುರು ಮಾಡಿ. ಹಲಗೆಯನ್ನು ನೀರಲ್ಲಿ ಒರೆಸಿ ಪೈಪಿಗೆ ಒತ್ತಿ, ಅತ್ತಿತ್ತ ಆಡಿಸುತ್ತಾ ಕಾಯಿರಿ. ತಳ್ಳಬೇಡಿ. ಒಂದು ಕ್ಷಣದಲ್ಲಿ ಮರ ಕೈಯೊಳಗೆ ಸೋಲುತ್ತದೆ, ಬೆಣ್ಣೆಯ ಹಾಗೆ. ಆಗ ಬಾಗಿಸಿ, ಅಚ್ಚಿಗೆ ಹಿಡಿದು ನೋಡಿ, ಮತ್ತೆ ಪೈಪಿಗೆ. ಹೊರಮೈಗೆ ತೆಳು ಸ್ಟೀಲ್ ಪಟ್ಟಿ ಹಿಡಿದರೆ ಎಳೆ ಏಳುವುದಿಲ್ಲ.

ಬೀಟೆಗೆ ಎಣ್ಣೆ ಅಂಶ ಇದೆ, ಚೆನ್ನಾಗಿ ಬಾಗುತ್ತದೆ. ಮೊದಲು ಅಗ್ಗದ ಮರದ ನಾಲ್ಕು ಪಟ್ಟಿ ಹಾಳು ಮಾಡಿ ಕೈ ಪಳಗಿಸಿಕೊಳ್ಳಿ. ಇನ್ನೊಂದು ಎಚ್ಚರ: ಎಡ, ಬಲ ಪಕ್ಕಗಳು ಕನ್ನಡಿ ಬಿಂಬದಂತೆ ಇರಬೇಕು. ಒಳ್ಳೆಯ ಮುಖ ಹೊರಗೆ ಬರುವಂತೆ ಎರಡಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿ. ನಾನೊಮ್ಮೆ ಎರಡು ಎಡ ಪಕ್ಕ ಮಾಡಿ ಕೂತಿದ್ದೆ.

ಪೆಟ್ಟಿಗೆ ಮುಚ್ಚುವುದು

ಪಕ್ಕಗಳನ್ನು ಅಚ್ಚಿನೊಳಗೆ ಕೂರಿಸಿ, ಮುಂದೆ (ಕತ್ತಿನ ಕಡೆ), ಹಿಂದೆ (ಬುಡದ ಕಡೆ) ಮಹಾಗನಿಯ ದಿಮ್ಮಿ ಅಂಟಿಸಿ. ಒಳ ಅಂಚಿಗೆ ಹಲ್ಲು ಕೊಯ್ದ ಪಟ್ಟಿ ಬೇಕು, ಯಾಕೆಂದರೆ 2 ಮಿ.ಮೀ. ಅಂಚಿಗೆ ಹಲಗೆ ಅಂಟಲು ಜಾಗ ಸಾಲದು. ಅದನ್ನು ಹಿಡಿಯಲು ಬಟ್ಟೆ ಒಣಗಿಸುವ ಕ್ಲಿಪ್ಪಿಗೆ ರಬ್ಬರ್ ಬ್ಯಾಂಡ್ ಸುತ್ತಿದರೆ ಸಾಕು. ಅರವತ್ತಾದರೂ ಬೇಕು, ಮನೆಯಲ್ಲಿ ಮೊದಲೇ ಹೇಳಿಬಿಡಿ.

ಅಂಚುಗಳನ್ನು ಆಯಾ ತಟ್ಟೆಯಲ್ಲಿ ಉಜ್ಜಿ ಕಮಾನಿಗೆ ತನ್ನಿ. ಆಳ ಹಿಂದೆ 105, ಮುಂದೆ 85ರ ಆಸುಪಾಸು. ಹಿಂಭಾಗದ ಹಲಗೆ 2.5 ಮಿ.ಮೀ., ಅದಕ್ಕೆ ನಾಲ್ಕು ಅಡ್ಡ ಪಟ್ಟಿ. ಕುದುರೆ ಬರುವ ಜಾಗದ ಒಳಗಡೆ ಗಟ್ಟಿ ಮರದ ತೆಳು ಹಲಗೆ ತುಂಡು ಅಂಟಿಸಿದ್ದೀರಾ ನೋಡಿ. ಮಾಪಕ 45 ತೋರಿಸುವ ದಿನ ಮೊದಲು ಮುಖ, ಮಾರನೇ ದಿನ ಹಿಂಭಾಗ ಮುಚ್ಚಿ. ಅಂಟು ಹಚ್ಚದೆ ಒಮ್ಮೆ ಪೂರ್ತಿ ಕ್ಲಾಂಪ್ ಹಾಕಿ ತಾಲೀಮು ಮಾಡಿ. ಅಂಟು ಹಚ್ಚಿದ ಮೇಲೆ ಕ್ಲಾಂಪ್ ಹುಡುಕುವುದು ಮದುವೆ ಮಂಟಪದಲ್ಲಿ ತಾಳಿ ಹುಡುಕಿದ ಹಾಗೆ.

ಅಂಚಿಗೆ ಮರದ ಬೈಂಡಿಂಗ್ (ಅಂಚು ಕಾಯುವ ತೆಳು ಪಟ್ಟಿ) ಕೂರಿಸಲು ಟ್ರಿಮ್ಮರ್‌ನಲ್ಲಿ ಮೆಟ್ಟಿಲು ಕೊರೆಯಬೇಕು. ಒಂದೇ ಸಲಕ್ಕೆ ಪೂರ್ತಿ ಆಳ ಇಳಿಸಬೇಡಿ, ಸ್ಪ್ರೂಸ್ ಚಕ್ಕೆ ಏಳುತ್ತದೆ.

ಕತ್ತು ಮತ್ತು ಫ್ರೆಟ್ ಲೆಕ್ಕ

ಕತ್ತಿಗೆ ಮಹಾಗನಿ. ಬಿರಡೆ ಕೂರುವ ತಲೆ ಸುಮಾರು 15 ಡಿಗ್ರಿ ಹಿಂದಕ್ಕೆ ವಾಲಿರಬೇಕು. ಹಾಗೆಯೇ ಕೆತ್ತಿದರೆ ಎಳೆ ತುಂಡಾಗಿ ಬಲ ಹೋಗುತ್ತದೆ, ಓರೆ ಕೊಯ್ದು ತಿರುಗಿಸಿ ಅಂಟಿಸಿ. ಎರಡೂ ಕಡೆ ತಿರುಗುವ ಟ್ರಸ್ ರಾಡ್‌ಗೆ ನಡುವೆ ಕಾಲುವೆ ಕೊರೆಯಿರಿ. ದಪ್ಪ, ಫಿಂಗರ್‌ಬೋರ್ಡೂ ಸೇರಿ, ಮೊದಲ ಫ್ರೆಟ್ಟಿನಲ್ಲಿ 21, ಒಂಬತ್ತನೆಯದರಲ್ಲಿ 23 ಮಿ.ಮೀ. ಪೆಟ್ಟಿಗೆಗೆ ಜೋಡಿಸುವಾಗ ಡವ್‌ಟೇಲ್ (ಒಂದರೊಳಗೊಂದು ಸಿಕ್ಕಿಸಿ ಅಂಟಿಸುವ ಜೋಡಣೆ) ಬೇಡ, ಎರಡು ಬೋಲ್ಟಿನ ಜೋಡಣೆ ಮಾಡಿ. ಕತ್ತಿನ ಕೋನ ಮುಂದೆ ಒಮ್ಮೆ ತಿದ್ದಬೇಕಾಗಿ ಬಂದೇ ಬರುತ್ತದೆ. ಆವತ್ತು ಬೋಲ್ಟ್ ಬಿಚ್ಚಿದರೆ ಆಯಿತು.

ವೀಣೆಯ 24 ಮೆಟ್ಟಿಲುಗಳು ಮೇಣದಲ್ಲಿ ಕೂತಿರುತ್ತವೆ, ಶ್ರುತಿ ಕೇಳಿಕೊಂಡು ಸರಿಸಬಹುದು. ಗಿಟಾರಿನಲ್ಲಿ ಗರಗಸ ಆಡಿತೆಂದರೆ ಮುಗಿಯಿತು. ಲೆಕ್ಕ ಹೀಗೆ: ತಂತಿಯ ಉದ್ದವನ್ನು 17.817ರಿಂದ ಭಾಗಿಸಿ. 645ಕ್ಕೆ 36.20 ಮಿ.ಮೀ. ಬರುತ್ತದೆ, ಅದು ನಟ್‌ನಿಂದ (ಕತ್ತಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಮೊದಲ ಫ್ರೆಟ್. ಉಳಿದ 608.80ನ್ನು ಮತ್ತೆ 17.817ರಿಂದ ಭಾಗಿಸಿದರೆ 34.17. ಎರಡನೇ ಫ್ರೆಟ್ ನಟ್‌ನಿಂದ 70.37ರಲ್ಲಿ. ಹೀಗೇ ಇಪ್ಪತ್ತು. 12ನೆಯದು ಸರಿಯಾಗಿ ಅರ್ಧಕ್ಕೆ, 322.5ಕ್ಕೆ ಬರಬೇಕು. ಬರದಿದ್ದರೆ ಲೆಕ್ಕ ತಪ್ಪಿದೆ. ಎಲ್ಲ ಅಳತೆಯನ್ನೂ ನಟ್‌ನಿಂದಲೇ ಗುರುತು ಮಾಡಿ. ಒಂದು ಫ್ರೆಟ್ಟಿನಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋದರೆ ಚೂರುಚೂರು ತಪ್ಪು ಕೂಡಿ ಕೊನೆಗೆ ದೊಡ್ಡದಾಗುತ್ತದೆ. ಗರಗಸದ ಕೊಯ್ತ 0.6 ಮಿ.ಮೀ. ಅಗಲ. ಫ್ರೆಟ್ ತಂತಿ ಬಡಿದ ಮೇಲೆ ಚಪ್ಪಟೆ ಅರದಲ್ಲಿ ಎಲ್ಲವನ್ನೂ ಸಮ ಮಾಡಿ, ತಲೆ ಮತ್ತೆ ದುಂಡಗೆ ಮಾಡಬೇಕು.

ಕೋನ ಸರಿ ಇದೆಯಾ ನೋಡಲು ಫ್ರೆಟ್ಟುಗಳ ಮೇಲೆ ಅಂಚುಪಟ್ಟಿ ಇಟ್ಟು ಕುದುರೆಯ ಕಡೆಗೆ ಚಾಚಿ. 9 ಮಿ.ಮೀ. ಎತ್ತರದ ಕುದುರೆಯ ತಲೆಯನ್ನು ಅದು ಸವರಿಕೊಂಡು ಹೋಗಬೇಕು. ಕುದುರೆಗೆ ಹೊಡೆದರೆ ಕತ್ತನ್ನು ಹಿಂದಕ್ಕೆ ವಾಲಿಸಿ, ಮೇಲೆ ತೇಲಿದರೆ ಮುಂದಕ್ಕೆ.

ಅರಗು

ಬಣ್ಣದ ಅಂಗಡಿಯ ಸ್ಪ್ರೇ ಲ್ಯಾಕರ್ ಬೇಡ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅರಗೇ ಇಲ್ಲಿಗೂ ಬೇಕು, ಶೋಧಿಸಿದ ಚಕ್ಕೆಯ ರೂಪದಲ್ಲಿ. ಅದನ್ನೇ ಶೆಲ್ಯಾಕ್ ಅನ್ನುವುದು. ಅರ್ಧ ಲೀಟರ್ ಸ್ಪಿರಿಟ್‌ಗೆ 100 ಗ್ರಾಂ ಹಾಕಿ ಒಂದು ದಿನ ಬಿಟ್ಟು, ಹಳೇ ಪಂಚೆಯ ಬಟ್ಟೆಯಲ್ಲಿ ಸೋಸಿ. ಹತ್ತಿಯ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ, ಒಂದು ಹನಿ ಎಣ್ಣೆ ಸೋಕಿಸಿ, ವೃತ್ತ ವೃತ್ತವಾಗಿ ಉಜ್ಜಿ. ದಿನಕ್ಕೆ ನಾಲ್ಕೈದು ತೆಳು ಸುತ್ತು, ಎರಡು ವಾರ. ಮಳೆಯ ದಿನ ಉಜ್ಜಿದರೆ ಗಾಳಿಯ ತೇವ ಸಿಕ್ಕಿ ಬಿಳಿ ಮಬ್ಬು ಕಟ್ಟುತ್ತದೆ. ಪಾಂಡವರ ಅರಗಿನ ಮನೆ ನೆನಪಿದೆ ಅಲ್ವಾ? ಸ್ಪಿರಿಟ್ ಹತ್ತಿರ ಬೆಂಕಿ, ಬೀಡಿ, ಬಿಸಿ ಪೈಪ್ ಯಾವುದೂ ಬೇಡ.

ಕುದುರೆ, ತಂತಿ

ಕುದುರೆ ಕೂರುವ ಜಾಗದಲ್ಲಿ ಅರಗನ್ನು ಪೂರ್ತಿ ಕೀಸಿ ಬರಿ ಮರಕ್ಕೆ ಬನ್ನಿ. ತಂತಿ ಒತ್ತಿದಾಗ ಬಿಗಿ ಸ್ವಲ್ಪ ಹೆಚ್ಚಿ ದನಿ ಏರುತ್ತದೆ, ಅದಕ್ಕೆ ಪರಿಹಾರವಾಗಿ ಸ್ಯಾಡಲ್ (ಕುದುರೆಯ ಮೇಲೆ ತಂತಿ ಕೂರುವ ಪಟ್ಟಿ) ಅನ್ನು 645ಕ್ಕಿಂತ ಹಿಂದೆ ಇಡಬೇಕು. ಸಣ್ಣ ತಂತಿಗೆ 2 ಮಿ.ಮೀ., ದಪ್ಪ ತಂತಿಗೆ 5ರ ಹತ್ತಿರ. ಸ್ಯಾಡಲ್ ಓರೆಯಾಗಿ ಕಾಣುವುದು ಅದಕ್ಕೇ. 12-53 ತಂತಿಗಳು (ಇಂಚಿನ ಸಾವಿರದ ಲೆಕ್ಕದಲ್ಲಿ ಸಣ್ಣ, ದಪ್ಪ ತಂತಿಯ ದಪ್ಪ) ಶ್ರುತಿಗೆ ಬಂದಾಗ ಒಟ್ಟು ಎಳೆತ 70 ಕೆ.ಜಿ. ದಾಟುತ್ತದೆ. ಒಬ್ಬ ದೊಡ್ಡ ಮನುಷ್ಯ ಕುದುರೆ ಹಿಡಿದು ಸದಾ ಜೋತು ಬಿದ್ದ ಹಾಗೆ. ಆದ್ದರಿಂದ ಕುದುರೆ ಅಂಟಿಸಿ ಕ್ಲಾಂಪ್ ಹಾಕಿದ ಮೇಲೆ 24 ಗಂಟೆ ಮುಟ್ಟಬೇಡಿ.

ಮೂಳೆಯ ನಟ್ 43 ಮಿ.ಮೀ. ಅಗಲ. ತಂತಿ ಏರಿಸುವಾಗ ಒಂದೇ ಸಲ ಪೂರ್ತಿ ಶ್ರುತಿಗೆ ಎಳೆಯಬೇಡಿ. ಮೊದಲ ದಿನ ಎರಡು ಮನೆ ಕೆಳಗೆ ಬಿಡಿ, ಮಾರನೇ ದಿನ ಪೂರ್ತಿ. ಕುದುರೆಯ ಹಿಂದೆ ಹೊಟ್ಟೆ ಒಂದೆರಡು ಮಿ.ಮೀ. ಏರುತ್ತದೆ, ಅದು ಸಹಜ. ಮುಂದೆ ಸ್ವಲ್ಪ ತಗ್ಗುವುದೂ ಸಹಜ. ವಾರ ಬಿಟ್ಟು 12ನೇ ಫ್ರೆಟ್ಟಿನಲ್ಲಿ ತಂತಿಯ ಎತ್ತರ ನೋಡಿ. ಸಣ್ಣ ತಂತಿ 2, ದಪ್ಪ ತಂತಿ 2.5 ಮಿ.ಮೀ. ಬರುವ ಹಾಗೆ ಸ್ಯಾಡಲ್ ತಳ ಉಜ್ಜಿ. ಕತ್ತು ಮುಂದಕ್ಕೆ ಬಾಗಿದ್ದರೆ ಟ್ರಸ್ ರಾಡ್ ಕಾಲು ಸುತ್ತು ತಿರುಗಿಸಿ, ಒಂದು ದಿನ ಕಾದು ಮತ್ತೆ ನೋಡಿ.

ಎರಡು ಸ್ಯಾಡಲ್ ಮಾಡಿಡಿ. ನನ್ನ ಹಲಸಿನ ಗಿಟಾರಿಗೆ ಮಳೆಗಾಲಕ್ಕೆ ಒಂದು, ಬೇಸಗೆಗೆ ಅದಕ್ಕಿಂತ ಅರ್ಧ ಮಿ.ಮೀ. ಎತ್ತರದ್ದು ಇನ್ನೊಂದು. ಜೂನ್‌ನಲ್ಲಿ ಬದಲಿಸುತ್ತೇನೆ, ಫೆಬ್ರವರಿಯಲ್ಲಿ ಮತ್ತೆ ಬದಲಿಸುತ್ತೇನೆ. ಫೆಬ್ರವರಿಯಿಂದ ಏಪ್ರಿಲ್ ಕೊನೆಯವರೆಗೆ ಗಿಟಾರ್ ಇಡುವ ಕೇಸಿನೊಳಗೆ ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜ್ ಇರುತ್ತದೆ, ಪಕ್ಕದಲ್ಲಿ ಆ ಮಾಪಕ.